ಹಿಂದಿರುಗಿ ಬಂದ ಕಾಲಾಳು

ಇಂಗ್ಲೆಂಡಿನ ಬಾತ್ ನಗರದ ಹಳೆಯ ಬೀದಿಗಳೆಲ್ಲ ಜೇನುಬಣ್ಣದ ಕಲ್ಲಿನವು. ಆ ಕಲ್ಲನ್ನು ಕೊಟ್ಟ ಗಣಿಗಳಲ್ಲಿ ಮುಖ್ಯವಾದವು ನಗರದ ತೆಂಕಣದ ಕೂಂಬ್ ಡೌನ್ ಗುಡ್ಡದಲ್ಲಿದ್ದವು. ಅಲ್ಲಿಯ ಕಲ್ಲುಕುಟಿಗನೊಬ್ಬನ ಮನೆಯಲ್ಲಿ 1898ರ ಜೂನ್ 17ರಂದು ಹ್ಯಾರಿ ಪ್ಯಾಚ್ ಹುಟ್ಟಿದ. ವಿಕ್ಟೋರಿಯಾ ರಾಣಿ ಇನ್ನೂ ಸಿಂಹಾಸನದ ಮೇಲಿದ್ದ ಕಾಲ. ಹುಡುಗ ತಂದೆಯ ಉಳಿ ಸುತ್ತಿಗೆ ಹಿಡಿಯಲಿಲ್ಲ. 1913ರಲ್ಲಿ ಶಾಲೆ ಬಿಟ್ಟು ಪ್ಲಂಬರ್ ಕೆಲಸ ಕಲಿಯಲು ಸೇರಿದ.

ಮರುವರ್ಷವೇ ಯುರೋಪು ಹೊತ್ತಿಕೊಂಡಿತು. ಕಾಳಗಕ್ಕೆ ಹೋಗುವ ಹುಮ್ಮಸ್ಸು ಹ್ಯಾರಿಗೆ ಕಿಂಚಿತ್ತೂ ಇರಲಿಲ್ಲ. ಸೈನ್ಯದಲ್ಲಿದ್ದ ಅಣ್ಣ ಮಾನ್ಸ್‌ನಲ್ಲಿ ಗಾಯಗೊಂಡು ಮನೆಗೆ ಬಂದಿದ್ದ, ಕಂದಕದ ಬಾಳು ಎಂಥದೆಂದು ತಮ್ಮನಿಗೆ ಬಿಡಿಸಿ ಹೇಳಿದ್ದ. ಆದರೆ 1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯಸೇವೆಯ ಕಾನೂನು ತಂದಿತು. ಅದೇ ಅಕ್ಟೋಬರಿನಲ್ಲಿ ಹದಿನೆಂಟರ ಹ್ಯಾರಿಗೂ ಕರೆ ಬಂತು. ಅಲ್ಲಿಂದ ಅವನು ಡ್ಯೂಕ್ ಆಫ್ ಕಾರ್ನ್‌ವಾಲ್ಸ್ ಲೈಟ್ ಇನ್‌ಫೆಂಟ್ರಿಯ ಏಳನೆಯ ಬೆಟಾಲಿಯನ್ನಿನ ಸಾಮಾನ್ಯ ಸಿಪಾಯಿ, ಸಂಖ್ಯೆ 29295.

1917ರ ಜೂನಿನಲ್ಲಿ, ಹತ್ತೊಂಬತ್ತು ತುಂಬುವ ಹೊತ್ತಿಗೆ, ಅವನು ಫ್ರಾನ್ಸಿನ ನೆಲ ಮುಟ್ಟಿದ. ಅವನ ಪಾಲಿಗೆ ಬಂದದ್ದು ಲೂಯಿಸ್ ಗನ್ ಪಡೆ. ಒಂದು ಗನ್ನು, ಐದು ಜನ. ಒಬ್ಬ ಗುಂಡು ಹಾರಿಸುವವನು. ಪಕ್ಕದಲ್ಲಿ ಬಿಡಿಭಾಗಗಳ ಚೀಲ ಹೊತ್ತು, ಗನ್ನು ಕೈಕೊಟ್ಟರೆ ಕ್ಷಣದಲ್ಲಿ ಬಿಚ್ಚಿ ಸರಿಪಡಿಸುವ ಎರಡನೆಯವನು ಹ್ಯಾರಿ. ಉಳಿದ ಮೂವರು ಮದ್ದುಗುಂಡು ಹೊರುವವರು. ಈ ಐವರೂ ತಮ್ಮೊಳಗೇ ಒಂದು ಮಾತು ಕಟ್ಟಿಕೊಂಡರು: ಸಾಧ್ಯವಾದ ಮಟ್ಟಿಗೆ ಯಾರನ್ನೂ ಕೊಲ್ಲುವುದಿಲ್ಲ, ಕಾಲಿಗೆ ಹೊಡೆಯುತ್ತೇವೆ. ಯಾವ ಸೇನಾಪತಿಯ ದಫ್ತರದಲ್ಲೂ ಬರೆದಿರದ ಆಜ್ಞೆ ಅದು.

ಜುಲೈ 31ರಂದು ಬೆಲ್ಜಿಯಂನ ಈಪ್ರ್‌ನ ಮೂರನೆಯ ಕಾಳಗ ತೊಡಗಿತು. ಲೋಕ ಅದನ್ನು ಪ್ಯಾಶೆಂಡೇಲ್ ಎಂಬ ಹೆಸರಿನಿಂದ ನೆನೆಯುತ್ತದೆ. ತೋಪುಗಳು ಫ್ಲಾಂಡರ್ಸಿನ ಚರಂಡಿ ಕಾಲುವೆಗಳನ್ನು ಒಡೆದುಹಾಕಿದ್ದವು. ಮೇಲಿಂದ ಮಳೆ ಹಿಡಿಯಿತು. ಗದ್ದೆಯೂ ಅಲ್ಲದ, ಕೆರೆಯೂ ಅಲ್ಲದ ಆ ಕೆಸರಿನಲ್ಲಿ ಕಾಲು ಜಾರಿದವನು ಮೇಲೇಳುವ ಭರವಸೆ ಇರಲಿಲ್ಲ. ಆಗಸ್ಟ್ 16ರ ನಸುಕಿನಲ್ಲಿ ಹ್ಯಾರಿಯ ಬೆಟಾಲಿಯನ್ ಸ್ಟೇನ್‌ಬೇಕ್ ಎಂಬ ಹಳ್ಳ ದಾಟಿ ಲಾಂಗೆಮಾರ್ಕ್ ಹಳ್ಳಿಯ ಮೇಲೆ ಏರಿಹೋಯಿತು. ಮುಂದೆ ಸಾಗುವ ದಾರಿಯಲ್ಲಿ ಸಿಡಿಗುಂಡು ಹೆಗಲಿಂದ ಸೊಂಟದವರೆಗೂ ಸೀಳಿದ್ದ ಕಾರ್ನ್‌ವಾಲಿನ ಸಿಪಾಯಿಯೊಬ್ಬ ಬಿದ್ದಿದ್ದ. ಗುಂಡಿಕ್ಕಿಬಿಡು ಎಂದು ಬೇಡಿದ. ಹ್ಯಾರಿ ಪಿಸ್ತೂಲಿಗೆ ಕೈಹಾಕುವ ಮೊದಲೇ ಅವನ ಪ್ರಾಣ ಹೋಯಿತು. ಕೊನೆಗೆ ಬಾಯಿಂದ ಬಂದದ್ದು ‘ಅಮ್ಮಾ’ ಎಂಬ ಒಂದೇ ಮಾತು. ಅದು ನೋವಿನ ಕೂಗಾಗಿರಲಿಲ್ಲ, ಯಾರನ್ನೋ ಕಂಡು ಕರೆದಂತಿತ್ತು ಎಂದು ಹ್ಯಾರಿ ಮುಂದೆ ಹೇಳುತ್ತಿದ್ದ.

ಐವರ ಮಾತಿಗೂ ಪರೀಕ್ಷೆಯ ಗಳಿಗೆ ಬಂತು. ಜರ್ಮನ್ ಸಿಪಾಯಿಯೊಬ್ಬ ಬಂದೂಕಿನ ಸನೀನು ಚಾಚಿಕೊಂಡು ಮೇಲೆಯೇ ಬಂದ. ಹ್ಯಾರಿ ಅವನ ಭುಜಕ್ಕೆ ಹೊಡೆದ; ಬಂದೂಕು ಕೈಜಾರಿದರೂ ಆತ ನಿಲ್ಲಲಿಲ್ಲ. ಪಿಸ್ತೂಲಿನಲ್ಲಿ ಗುಂಡುಗಳಿದ್ದವು, ಎದೆ ಎದುರಿಗೇ ಇತ್ತು. ಹ್ಯಾರಿ ಕಾಲಿಗೆ ಹೊಡೆದು ಕೆಡವಿದ. ಕಾಳಗದ ನಡುವೆ ಇಂಥ ಲೆಕ್ಕ ಹಾಕಲು ಸಿಗುವ ಹೊತ್ತು ಒಂದೆರಡು ಉಸಿರಿನಷ್ಟು. ನನ್ನ ಮಟ್ಟಿಗೆ ಲಾಂಗೆಮಾರ್ಕ್ ಗೆದ್ದದ್ದಕ್ಕಿಂತ ಈ ಗುರಿ ದೊಡ್ಡದು.

ಸೆಪ್ಟೆಂಬರ್ 22ರ ರಾತ್ರಿ ಪಡೆ ಮುಂಚೂಣಿಯಿಂದ ಹಿಂದಕ್ಕೆ ಬರುತ್ತಿತ್ತು. ಅವರ ತಲೆಯ ಮೇಲೆಯೇ ಸಿಡಿಗುಂಡು ಒಡೆಯಿತು. ಮದ್ದುಗುಂಡು ಹೊರುತ್ತಿದ್ದ ಮೂವರೂ ಹೇಳಹೆಸರಿಲ್ಲದೆ ಹೋದರು. ಹ್ಯಾರಿಯ ತೊಡೆಸಂದಿಗೆ ಉಕ್ಕಿನ ಚೂರು ನೆಟ್ಟಿತು. ಅರಿವಳಿಕೆ ಮದ್ದು ಮುಗಿದುಹೋಗಿತ್ತು. ನಾಲ್ವರು ಅವನನ್ನು ಅದುಮಿ ಹಿಡಿದುಕೊಂಡರು, ವೈದ್ಯ ಚೂರನ್ನು ಕೊಯ್ದು ತೆಗೆದ. ಕಂದಕದಲ್ಲಿ ಹ್ಯಾರಿಯ ಯುದ್ಧ ಅಲ್ಲಿಗೆ ಮುಗಿಯಿತು. ಒಟ್ಟು ಲೆಕ್ಕ ಹಿಡಿದರೆ ನಾಲ್ಕು ತಿಂಗಳೂ ತುಂಬಲಿಲ್ಲ.

ಮೌನ ಮಾತ್ರ ಎಂಬತ್ತು ವರ್ಷ ನಡೆಯಿತು. 1919ರಲ್ಲಿ ಏಡಾಳೊಡನೆ ಮದುವೆ, ಇಬ್ಬರು ಗಂಡುಮಕ್ಕಳು, ಮತ್ತೆ ಅದೇ ಪ್ಲಂಬರ್ ಕಸುಬು. ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಲ್ಸ್ ಸ್ಮಾರಕ ಭವನದ ಕೊಳವೆ ಕೆಲಸದಲ್ಲಿ ಅವನ ಕೈಯೂ ಇತ್ತು. 2005ರಲ್ಲಿ ಅದೇ ವಿಶ್ವವಿದ್ಯಾಲಯ ಅವನಿಗೆ ಗೌರವ ಪದವಿ ಕೊಟ್ಟಿತು. 1942ರ ಏಪ್ರಿಲಿನಲ್ಲಿ ಜರ್ಮನ್ ವಿಮಾನಗಳು ಬಾತ್ ನಗರದ ಮೇಲೆ ಬಾಂಬು ಸುರಿದಾಗ ಬೆಂಕಿ ಆರಿಸುವವರ ಸಾಲಿನಲ್ಲಿ ನಿಂತಿದ್ದ. 1963ರಲ್ಲಿ ಕೆಲಸದಿಂದ ನಿವೃತ್ತನಾದ. ಏಡಾ 1976ರಲ್ಲಿ ತೀರಿಕೊಂಡಳು. ಅರ್ಧ ಶತಮಾನಕ್ಕೂ ಮೀರಿದ ಸಂಸಾರದಲ್ಲಿ ಗಂಡ ಅವಳ ಮುಂದೆ ಸೆಪ್ಟೆಂಬರಿನ ಆ ರಾತ್ರಿಯ ಮಾತೆತ್ತಿರಲಿಲ್ಲ. ಯುದ್ಧದ ಸಿನಿಮಾವನ್ನೂ ಅವನು ನೋಡುತ್ತಿರಲಿಲ್ಲ.

ವೃದ್ಧಾಶ್ರಮ ಸೇರಿದ ಮೇಲೆ, ಅವನ ಕೋಣೆಯ ಎದುರಿಗೆ ಬಟ್ಟೆಬರೆ ಇಡುವ ಕೋಣೆಯಿತ್ತು. ಇರುಳಲ್ಲಿ ಯಾರಾದರೂ ಅದರ ದೀಪ ಹಾಕಿದರೆ ಮುದುಕನ ಕಣ್ಣಿಗೆ ಸಿಡಿಗುಂಡಿನ ಮಿಂಚೇ ಹೊಡೆದಂತಾಗುತ್ತಿತ್ತು. 1998ರಲ್ಲಿ ನೂರು ತುಂಬಿದಾಗ ಬಿಬಿಸಿಯವರು ಬಂದು ಕೇಳಿದರು. ಆಗಷ್ಟೇ ಬಾಯಿಬಿಟ್ಟ. ಆಮೇಲೆ ನಿಲ್ಲಿಸಲಿಲ್ಲ, 2007ರಲ್ಲಿ ಆತ್ಮಕಥೆಯೂ ಬಂತು. ಯುದ್ಧವೆಂದರೆ ಕಾನೂನು ಒಪ್ಪಿದ ಕೊಲೆ ಎಂಬುದು ಅವನ ನಿಲುವು. ದೇಶವೆಲ್ಲ ನವೆಂಬರ್ 11ರಂದು ಸತ್ತವರನ್ನು ನೆನೆದರೆ ಅವನಿಗೆ ಸೆಪ್ಟೆಂಬರ್ 22ರಂದೇ ಮೂವರ ತಿಥಿ. 2004ರಲ್ಲಿ, ಅದೇ ಪ್ಯಾಶೆಂಡೇಲಿನಲ್ಲಿ ಜರ್ಮನ್ ಪಕ್ಷದಿಂದ ಕಾದಿದ್ದ ಅಲ್ಸೇಸಿನ ಚಾರ್ಲ್ಸ್ ಕ್ಯುಂಟ್ಸ್‌ನನ್ನು ಕಂಡ. ಒಬ್ಬನಿಗೆ ನೂರಾಆರು, ಇನ್ನೊಬ್ಬನಿಗೆ ನೂರಾಏಳು. ಇಬ್ಬರೂ ಕೈಹಿಡಿದು ಕುಳಿತರು.

ನಮ್ಮ ಊರಬಾಗಿಲ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರುಗೊಳ್‌ನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಮಡಿದವನಿಗೆ ಕಲ್ಲು ನಿಲ್ಲುತ್ತದೆ. ಗಾಯ ಹೊತ್ತು ಮನೆಗೆ ಬಂದು ಮತ್ತೆ ನೇಗಿಲು ಹಿಡಿದವನಿಗೆ ಕೆತ್ತುವ ಪಟ್ಟಿಕೆ ಯಾವುದು? ಕಲ್ಲುಕುಟಿಗನ ಮಗ 2008ರಲ್ಲಿ ತಾನೇ ಒಂದು ಕಲ್ಲು ನಿಲ್ಲಿಸಿದ, ಸ್ಟೇನ್‌ಬೇಕಿನ ದಡದಲ್ಲಿ, ಜೊತೆಯವರ ಹೆಸರಿಗೆ. ಸ್ಟೇನ್‌ಬೇಕ್ ಎಂದರೆ ಅಲ್ಲಿಯ ನುಡಿಯಲ್ಲಿ ಕಲ್ಲುಹಳ್ಳ.

2009ರ ಜುಲೈ 25ರಂದು, ನೂರಾಹನ್ನೊಂದನೆಯ ವಯಸ್ಸಿನಲ್ಲಿ, ಮೊದಲ ಮಹಾಯುದ್ಧದ ಕಂದಕದಲ್ಲಿ ನಿಂತು ಕಾದಿದ ಕೊನೆಯ ಸಿಪಾಯಿ ತೀರಿಕೊಂಡ. ವೆಲ್ಸ್ ಕೆಥೆಡ್ರಲ್‌ನ ಅಂತ್ಯವಿಧಿಗೆ ಬೆಲ್ಜಿಯಂ, ಫ್ರಾನ್ಸ್, ಜರ್ಮನಿಯ ಸಿಪಾಯಿಗಳೂ ಬಂದಿದ್ದರು. ಅವನ ಇಚ್ಛೆಯಂತೆ ಯಾರ ಕೈಯಲ್ಲೂ ಆಯುಧವಿರಲಿಲ್ಲ. ಮಣ್ಣು ಮಾಡಿದ್ದು ಹುಟ್ಟೂರಿನ ಪಕ್ಕದ ಮಾಂಕ್‌ಟನ್ ಕೂಂಬ್‌ನಲ್ಲಿ, ಮನೆಯವರ ಸಮಾಧಿಗಳ ಬಳಿ.

ಈಪ್ರ್‌ನ ಮೆನಿನ್ ಗೇಟಿನಲ್ಲಿ, ಗೋರಿಯೂ ಸಿಗದ ಐವತ್ತು ಸಾವಿರಕ್ಕೂ ಮಿಕ್ಕ ಹೆಸರುಗಳ ನಡುವೆ, ಭಾರತದ ಸಿಪಾಯಿಗಳ ಹೆಸರುಗಳೂ ಇವೆ. ಅವನ್ನು ಓದಲು ಹೋಗುವ ನಮ್ಮವರು ಲಾಂಗೆಮಾರ್ಕಿನ ದಾರಿಯನ್ನೂ ಹಿಡಿಯಲಿ. ಹಳ್ಳ ಕಿರಿದು, ಗಮನಿಸದಿದ್ದರೆ ದಾಟಿದ್ದೇ ತಿಳಿಯುವುದಿಲ್ಲ.