ನೀರಿನಡಿಯ ಶೋಧ: ಪೊಲೀಸ್ ಸ್ಕೂಬಾ ತಂಡಗಳು ಕೆಲಸ ಮಾಡುವ ಬಗೆ

ಹೊಳೆ, ಕೆರೆ ಅಥವಾ ನೀರು ತುಂಬಿದ ಕಲ್ಲುಕ್ವಾರಿಯಲ್ಲಿ ಯಾರಾದರೂ ಕಣ್ಮರೆಯಾದರೆ ನಮ್ಮಲ್ಲಿ ಮೊದಲ ಕರೆ ಹೋಗುವುದು ಅಗ್ನಿಶಾಮಕ ಠಾಣೆಗೆ ಮತ್ತು ಊರಿನ ಈಜುಗಾರರಿಗೆ. ಬಾವಿಗೆ ಬಿದ್ದ ಕೊಡ ತೆಗೆಯಲು ಬಳಸುತ್ತಿದ್ದ ಪಾತಾಳಗರಡಿಯನ್ನೇ ದೋಣಿಯಿಂದ ಇಳಿಬಿಟ್ಟು ಎಳೆಯುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಆದರೆ ಕೊಕ್ಕೆಗೆ ಸಿಕ್ಕಿದ್ದು ಮೇಲೆ ಬರುವಾಗ ಅದು ತಳದಲ್ಲಿ ಯಾವ ಸ್ಥಿತಿಯಲ್ಲಿತ್ತು ಎಂಬ ಮಾಹಿತಿ ಕಳೆದುಹೋಗುತ್ತದೆ. ಕೊಕ್ಕೆಯಿಂದಾದ ಗಾಯ ಯಾವುದು, ಅದಕ್ಕೂ ಮೊದಲಿನ ಗಾಯ ಯಾವುದು ಎಂಬ ಪ್ರಶ್ನೆ ಶವಪರೀಕ್ಷೆಯ ವೇಳೆ ಏಳುತ್ತದೆ. ಹಲವು ದೇಶಗಳ ಪೊಲೀಸ್ ಇಲಾಖೆಗಳು ತಮ್ಮದೇ ಸ್ಕೂಬಾ ತಂಡಗಳನ್ನು ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮೇಲಿನಿಂದ ಕೊಳವೆಯ ನೆರವಿಲ್ಲದೆ ನೀರಿನಲ್ಲಿ ಉಸಿರಾಡುವ ವ್ಯವಸ್ಥೆಯೇ ಸ್ಕೂಬಾ. ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾಂಯಾ 1943ರಲ್ಲಿ ರೂಪಿಸಿದ ಸಾಧನದಿಂದ ಇದು ವ್ಯಾಪಕ ಬಳಕೆಗೆ ಬಂದಿತು. ಲಂಡನ್ನಿನ ಥೇಮ್ಸ್ ನದಿಯಲ್ಲಿ 1798ರಲ್ಲೇ ನದಿ ಪೊಲೀಸ್ ಪಡೆ ಆರಂಭವಾಗಿತ್ತು. ಅದರ ಉತ್ತರಾಧಿಕಾರಿಯಾದ ಮೆಟ್ರೊಪಾಲಿಟನ್ ಪೊಲೀಸರ ಜಲ ಘಟಕ ಇಂದಿಗೂ ವಾಪಿಂಗ್‌ನಿಂದ ಕಾರ್ಯನಿರ್ವಹಿಸುತ್ತಿದೆ.

ಸಿನಿಮಾಗಳಲ್ಲಿ ಕಾಣುವ ನೀಲಿ ತಿಳಿನೀರು ಪೊಲೀಸ್ ಮುಳುಗು ತಜ್ಞರ ಪಾಲಿಗೆ ಅಪರೂಪ. ಅವರು ಇಳಿಯುವುದು ಹೂಳು ತುಂಬಿದ ಕೆರೆ, ನಾಲೆ, ಮಳೆಗಾಲದ ಹೊಳೆಗಳಿಗೆ. ಅಲ್ಲಿ ದೀಪವಿದ್ದರೂ ಪ್ರಯೋಜನವಿಲ್ಲ. ಕೆಸರಿನ ಕಣಗಳು ಬೆಳಕನ್ನು ಕಣ್ಣಿಗೇ ಹಿಂದಿರುಗಿಸುತ್ತವೆ. ಆದ್ದರಿಂದ ಶೋಧ ನಡೆಯುವುದು ಕಣ್ಣಿನಿಂದಲ್ಲ, ಕೈಯಿಂದ. ತಳಕ್ಕೆ ಎರಡು ಭಾರಗಳನ್ನು ಇಳಿಸಿ, ಅವುಗಳ ನಡುವೆ ಹಗ್ಗ ಬಿಗಿದು, ಅದರಗುಂಟ ಅಂಗೈಯಿಂದ ಸವರುತ್ತ ಸಾಗಲಾಗುತ್ತದೆ. ಒಂದು ಸಾಲು ಮುಗಿದ ಮೇಲೆ ಹಗ್ಗವನ್ನು ಸ್ವಲ್ಪ ಸರಿಸಿ ಮತ್ತೆ ಅದೇ ಕೆಲಸ. ಜಾಗ ಚಿಕ್ಕದಾಗಿದ್ದರೆ ಒಂದು ಗೂಟದ ಸುತ್ತ ವೃತ್ತಾಕಾರದಲ್ಲಿ ಸುತ್ತುತ್ತ, ಪ್ರತಿ ಸುತ್ತಿಗೂ ಹಗ್ಗವನ್ನು ಉದ್ದ ಮಾಡಲಾಗುತ್ತದೆ. ‘ಇಲ್ಲಿ ಏನೂ ಇಲ್ಲ’ ಎಂದು ಖಚಿತವಾಗಿ ಹೇಳುವುದೂ ಈ ಕೆಲಸದ ಭಾಗವೇ. ಒಮ್ಮೆ ಸವರಿದ ಜಾಗವನ್ನು ನಕ್ಷೆಯಲ್ಲಿ ಗುರುತಿಸದಿದ್ದರೆ ದಿನವಿಡೀ ದುಡಿದದ್ದು ವ್ಯರ್ಥ.

ನೀರಿಗೆ ಇಳಿಯುವವನು ಒಬ್ಬನಾದರೂ ದಡದ ಮೇಲೆ ಕನಿಷ್ಠ ಮೂವರು ಬೇಕು. ಬ್ರಿಟನ್ನಿನ 1997ರ ಮುಳುಗು ಕೆಲಸದ ನಿಯಮಗಳು ಪೊಲೀಸರಿಗೂ ಅನ್ವಯಿಸುತ್ತವೆ. ಒಬ್ಬ ಮೇಲ್ವಿಚಾರಕ, ಮುಳುಗುವವನ ಹಗ್ಗ ಹಿಡಿಯುವ ಸಹಾಯಕ, ಮತ್ತು ಪೂರ್ಣ ಸಜ್ಜಾಗಿ ದಡದಲ್ಲೇ ಕಾದಿರುವ ಇನ್ನೊಬ್ಬ ಮುಳುಗು ತಜ್ಞ, ಇವರಿಲ್ಲದೆ ಯಾರೂ ನೀರಿಗೆ ಇಳಿಯುವಂತಿಲ್ಲ. ಹಗ್ಗದ ಎಳೆತಗಳಿಗೆ ಮೊದಲೇ ಅರ್ಥ ನಿಗದಿಯಾಗಿರುತ್ತದೆ. ಪೂರ್ಣ ಮುಖ ಮುಚ್ಚುವ ಮುಖವಾಡವಿದ್ದರೆ ಮಾತನಾಡಲೂ ಸಾಧ್ಯ. ಚರಂಡಿ ನೀರು ಬಾಯಿಗೆ ಸೇರದಂತೆ ತಡೆಯುವುದೂ ಅದೇ.

ದಡದಲ್ಲಿ ನಿಂತ ಬಂಧುಗಳಿಗೆ ಅರ್ಥವಾಗದೆ ಕೋಪ ಬರಿಸುವ ಸಂಗತಿ ಒಂದಿದೆ: ಇಳಿದವರು ಇಷ್ಟು ಬೇಗ ಮೇಲೆ ಬಂದರೇಕೆ? ಉತ್ತರ ಲೆಕ್ಕದಲ್ಲಿದೆ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 20 ಲೀಟರಿನಂತೆ ನೀರಿನ ಮೇಲ್ಮೈಯಲ್ಲಿ ಅದು 2 ತಾಸು ಬರಬೇಕು. ಆದರೆ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 20 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಬೇಕು. ಉಳಿಯುವುದು 40 ನಿಮಿಷ. ಅದರಲ್ಲಿ ಕಾಲುಭಾಗ ತುರ್ತಿಗೆಂದು ಮೀಸಲು. ಸೆಳೆತದ ವಿರುದ್ಧ ದುಡಿಯುವವನ ಉಸಿರಾಟ ಸುಲಭವಾಗಿ ದುಪ್ಪಟ್ಟಾಗುತ್ತದೆ. ಆಗ ತಳದಲ್ಲಿ ಕೆಲಸಕ್ಕೆ ಸಿಗುವುದು ಕಾಲು ತಾಸು.

ಇನ್ನೊಂದು ಮಿತಿ ಸಾರಜನಕದ್ದು. ಒತ್ತಡದಲ್ಲಿ ಅದು ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ಅವಸರದಿಂದ ಮೇಲೇರಿದರೆ ಸೋಡಾ ಬಾಟಲಿಯ ಮುಚ್ಚಳ ತೆರೆದಂತೆ ಗುಳ್ಳೆಗಳಾಗುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೆ ಇದರ ಪರಿಣಾಮ. ಇದಕ್ಕೆ ಚಿಕಿತ್ಸೆ ಆಮ್ಲಜನಕ ಮತ್ತು ಮರು ಒತ್ತಡದ ಕೋಣೆ. ಮುಳುಗಿದ ಬಳಿಕ ಕೆಲವು ತಾಸು ಎತ್ತರದ ಪ್ರದೇಶಕ್ಕೆ ಹೋಗುವುದೂ ಅಪಾಯಕರವೆಂದು ಕೋಷ್ಟಕಗಳು ಎಚ್ಚರಿಸುತ್ತವೆ. ಕರಾವಳಿಯಲ್ಲಿ ಆಳಕ್ಕೆ ಇಳಿದು ಅಂದೇ ಘಾಟಿ ಹತ್ತಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಮರಳುವವರು ಗಮನಿಸಬೇಕಾದ ಅಂಶವಿದು.

ಇಷ್ಟೆಲ್ಲ ಸಾಧನಗಳಿದ್ದರೂ ಸೆಳೆತದ ಮುಂದೆ ಮನುಷ್ಯ ಸಣ್ಣವನೇ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣಿನ ರಾಶಿ ಪಕ್ಕದ ಗಂಗಾವಳಿ ನದಿಯನ್ನು ಸೇರಿತು. ಕೇರಳದ ಲಾರಿಯೊಂದು ಚಾಲಕನೊಂದಿಗೆ ಕಾಣೆಯಾಯಿತು. ನೌಕಾಪಡೆಯ ಮುಳುಗು ತಜ್ಞರು ಸ್ಥಳದಲ್ಲಿದ್ದರೂ ಮಳೆಗಾಲದ ರಭಸದಲ್ಲಿ ಕೆಳಗಿಳಿಯುವ ಸ್ಥಿತಿ ಇರಲಿಲ್ಲ. ಶೋಧಕ್ಕೆ ಇಳಿದ ಮಲ್ಪೆಯ ಈಶ್ವರ ಅವರ ಹಗ್ಗ ತುಂಡಾಗಿ ಅವರು ಕೊಚ್ಚಿಹೋದಾಗ ಅವರನ್ನೇ ರಕ್ಷಿಸಬೇಕಾಯಿತು. ಸೋನಾರ್ ಮತ್ತಿತರ ಉಪಕರಣಗಳಿಂದ ಜಾಗಗಳನ್ನು ಗುರುತಿಸಲಾಯಿತಾದರೂ, ಗೋವಾದಿಂದ ಹೂಳೆತ್ತುವ ಯಂತ್ರ ತಂದ ಮೇಲೆಯೇ ಲಾರಿ ಸಿಕ್ಕಿತು. ಅದು ಸೆಪ್ಟೆಂಬರ್ 25. ದುರಂತ ನಡೆದು 71 ದಿನಗಳಾಗಿದ್ದವು. ಚಾಲಕನ ದೇಹ ಕ್ಯಾಬಿನ್ನಿನಲ್ಲೇ ಇತ್ತು. ಶೋಧ ನಿಧಾನವೆಂದು ಆಗ ಕೇಳಿಬಂದ ಟೀಕೆಯ ಹಿಂದಿನ ನೋವು ಸಹಜವಾದುದೇ. ಆದರೆ ಆ ಪ್ರವಾಹಕ್ಕೆ ಇನ್ನಷ್ಟು ಜನರನ್ನು ಇಳಿಸಿದ್ದರೆ ಹುಡುಕಬೇಕಾದವರ ಪಟ್ಟಿ ಬೆಳೆಯುತ್ತಿತ್ತು.

ಸ್ಥಳೀಯರ ಅರಿವಿಗೆ ಬದಲಿಯಿಲ್ಲ ಎಂಬುದಕ್ಕೂ ಕರಾವಳಿಯಲ್ಲೇ ನಿದರ್ಶನವಿದೆ. 2019ರ ಜುಲೈನಲ್ಲಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರಿಗಾಗಿ ನೇತ್ರಾವತಿಯಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಕರಾವಳಿ ಕಾವಲು ಪಡೆ ಸೇರಿದಂತೆ ಹಲವು ತಂಡಗಳು ಹುಡುಕಿದವು. ಜುಲೈ 31ರ ಬೆಳಿಗ್ಗೆ ಮೃತದೇಹವನ್ನು ಕಂಡವರು ಮೀನುಗಾರರು.

ನೀರಿನಲ್ಲಿ ಮುಳುಗಿದ ದೇಹ ಮೊದಲು ತಳ ಸೇರಿ, ಕೊಳೆಯುವಾಗ ಹುಟ್ಟುವ ಅನಿಲದಿಂದ ಮೇಲೇಳುತ್ತದೆ. ಬೆಚ್ಚಗಿನ ನೀರಿನಲ್ಲಿ ಇದಕ್ಕೆ ಕೆಲವೇ ದಿನ ಸಾಕು. ತಣ್ಣನೆಯ ಆಳದಲ್ಲಿ ವಾರಗಳೂ ಹಿಡಿಯಬಹುದು. ತನಿಖೆಯ ದೃಷ್ಟಿಯಿಂದ ಈ ಕಾಲ ಅಮೂಲ್ಯ. ದೇಹ ಸಿಕ್ಕಲ್ಲೇ ಅದರ ಭಂಗಿ, ಸುತ್ತಲಿನ ವಸ್ತುಗಳನ್ನು ದಾಖಲಿಸಿ, ನೀರಿನಡಿಯೇ ಚೀಲಕ್ಕೆ ಸೇರಿಸಿ ಮೇಲೆತ್ತುವುದು ಸರಿಯಾದ ಕ್ರಮ. ಪಿಸ್ತೂಲು, ಚಾಕುಗಳಂತಹ ಲೋಹದ ವಸ್ತುಗಳನ್ನು ಒಣಗಿಸಬಾರದು. ಅವು ಬಿದ್ದಿದ್ದ ನೀರನ್ನೇ ಡಬ್ಬಿಗೆ ತುಂಬಿ, ಅದರಲ್ಲೇ ಮುಳುಗಿಸಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಗಾಳಿ ತಾಗಿದೊಡನೆ ತುಕ್ಕು ವೇಗ ಪಡೆಯುತ್ತದೆ. ನೀರು ಬೆರಳಚ್ಚನ್ನು ತೊಳೆದುಬಿಡುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಚರ್ಮದ ಜಿಡ್ಡಿನಂಶ ಉಳಿದಿದ್ದರೆ ಒದ್ದೆ ಮೇಲ್ಮೈಯಿಂದಲೂ ಗುರುತು ಎತ್ತಬಲ್ಲ ರಾಸಾಯನಿಕಗಳಿವೆ.

ದೇಹವೇ ಸಿಗದಿದ್ದರೆ ಕುಟುಂಬದ ಸಂಕಟ ಕಚೇರಿಗಳವರೆಗೂ ಬೆಳೆಯುತ್ತದೆ. ಭಾರತದ ಸಾಕ್ಷ್ಯ ಕಾನೂನಿನ ಪ್ರಕಾರ, ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದವರಿಗೆ 7 ವರ್ಷ ವ್ಯಕ್ತಿಯ ಸುಳಿವು ಸಿಗದಿದ್ದರೆ ಮಾತ್ರ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕಾಗುತ್ತದೆ. ಅಲ್ಲಿಯವರೆಗೆ ಮರಣ ಪ್ರಮಾಣಪತ್ರ, ವಿಮೆ, ಪಿಂಚಣಿ, ಖಾತೆ ಬದಲಾವಣೆ ಎಲ್ಲವೂ ಸಾಮಾನ್ಯವಾಗಿ ತಡೆಹಿಡಿದಂತೆಯೇ.