ಡೋಣಿಯ ವರ್ಷ, ಕಡಲಿನ ವರ್ಷ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅರಸರ ಸಾಲು. ವಿಜಯಪುರದ ಮಟ್ಟಿಗೆ ಇದು ಸಹಜವೇ. ೧೬೮೬ರವರೆಗೆ, ಸುಮಾರು ಇನ್ನೂರು ವರ್ಷಗಳ ಕಾಲ, ಆದಿಲಶಾಹಿಗಳ ರಾಜಧಾನಿಯಾಗಿದ್ದ ಊರು ಇದು. ಆದರೆ ನಗರದ ಕೋಟೆಗೋಡೆಯನ್ನು ದಾಟಿ ಪಶ್ಚಿಮಕ್ಕೆ ತಿಕೋಟಾದ ಕಡೆಗೋ, ನೈರುತ್ಯಕ್ಕೆ ಬಬಲೇಶ್ವರದ ಕಡೆಗೋ ಹೊರಟರೆ, ಕಾಲವನ್ನು ಅಳೆಯುವ ಕೋಲೇ ಬೇರೆಯಾಗುತ್ತದೆ. ಮಗಳ ಮದುವೆಯಾದದ್ದು, ಎತ್ತು ಮಾರಿದ್ದು, ಮನೆಯ ಮಾಳಿಗೆ ಹಾಕಿಸಿದ್ದು ಇವೆಲ್ಲವೂ ಅಲ್ಲಿ ಬರದ ವರ್ಷ, ಹೊಳೆ ಬಂದ ವರ್ಷ, ಜೋಳ ಚೆನ್ನಾಗಿ ಬಂದ ವರ್ಷ ಎಂಬ ಲೆಕ್ಕದಲ್ಲಿ ನೆನಪಾಗುತ್ತವೆ. ಈ ವರ್ಷಗಳ ಇತಿಹಾಸವನ್ನು ಯಾವ ಆಸ್ಥಾನದವರೂ ಬರೆಯಿಸಲಿಲ್ಲ. ಆದರೂ ಇಲ್ಲಿಯ ಜನರ ನಿಜವಾದ ಇತಿಹಾಸ ಇದೇ ಎಂದರೆ ತಪ್ಪಾಗಲಾರದು.

೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳ ನೆಲವನ್ನು ಡೋಣಿ ನದಿ ಹಾಯ್ದು ಹೋಗುತ್ತದೆ. ಜತ್ತದ ಸೀಮೆಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಈ ನದಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ದಡದ ಕಪ್ಪು ಎರೆಮಣ್ಣು ಮಾತ್ರ ಬಲು ಫಲವತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬುದು ಇಲ್ಲಿಯವರ ಮಾತು. ಈ ಮಾತಿನಲ್ಲಿ ಹೆಮ್ಮೆ ಎಷ್ಟಿದೆಯೋ ಭಯವೂ ಅಷ್ಟೇ ಇದೆ. ‘ಬೆಳೆದರೆ’ ಎಂಬ ಒಂದು ಪದದ ಮೇಲೆ ಇಡೀ ಸೀಮೆಯ ಬದುಕು ನಿಂತಿದೆ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆ ಬೀಳುವ ಪ್ರದೇಶವಿದು. ಅದರಲ್ಲಿಯೂ ಹಿಂಗಾರಿ ಬಿಳಿಜೋಳಕ್ಕೆ ಬೇಕಾದದ್ದು ಉತ್ತರಿ, ಹಸ್ತಗಳ ಕೆಲವೇ ದಿನಗಳ ಹದವಾದ ಮಳೆ. ಅದು ಬಂದರೆ ವರ್ಷವಿಡೀ ಅನ್ನ. ತಪ್ಪಿದರೆ ಮುಂದಿನ ಹಿಂಗಾರಿಯವರೆಗೆ ಕಾಯಬೇಕು.

ವರ್ಷಕ್ಕೊಮ್ಮೆ ಮಾತ್ರ ಸಿಗುವ, ಸಿಕ್ಕೇ ತೀರುವುದೆಂಬ ಭರವಸೆಯಿಲ್ಲದ ಇಂಥ ಕೊಡುಗೆಯನ್ನು ನಂಬಿ ಬಾಳುವ ಜನ ನಮ್ಮ ನಾಡಿನ ಇನ್ನೊಂದು ಅಂಚಿನಲ್ಲಿಯೂ ಇದ್ದಾರೆ. ಅವರು ಕರಾವಳಿಯ ಮೀನುಗಾರರು. ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆ ಸೀಮೆಗೂ ಈ ಬಯಲಿಗೂ ಎಲ್ಲಿಯ ಹೋಲಿಕೆ ಎಂದು ಯಾರಾದರೂ ಕೇಳಬಹುದು. ಹೋಲಿಕೆಯಿರುವುದು ನೀರಿನಲ್ಲಿ ಅಲ್ಲ, ಅನಿಶ್ಚಯದಲ್ಲಿ. ಕಾರವಾರದಿಂದ ಮಂಗಳೂರಿನವರೆಗಿನ ಮೀನುಗಾರನ ಅದೃಷ್ಟವನ್ನು ಬಹುಕಾಲದಿಂದ ನಿರ್ಣಯಿಸುತ್ತ ಬಂದಿರುವುದು ಎರಡೇ ಮೀನುಗಳು: ಬಂಗುಡೆ ಮತ್ತು ಬೂತಾಯಿ. ಮಳೆಗಾಲ ಮುಗಿದು ಇವು ಗುಂಪುಗುಂಪಾಗಿ ದಡದ ಹತ್ತಿರಕ್ಕೆ ಬಂದರೆ ಅದು ಒಳ್ಳೆಯ ವರ್ಷ. ಬಾರದಿದ್ದರೆ ಕಡಲಿನಲ್ಲಿಯೂ ಬರ. ನೆರೆಯ ಕೇರಳದ ಲೆಕ್ಕವೊಂದನ್ನು ನೋಡಿದರೆ ಸಾಕು: ಅಲ್ಲಿ ೨೦೧೨ರಲ್ಲಿ ಸುಮಾರು ೩.೯ ಲಕ್ಷ ಟನ್ ಸಿಕ್ಕಿದ್ದ ಬೂತಾಯಿ, ೨೦೨೧ರಲ್ಲಿ ನಾಲ್ಕು ಸಾವಿರ ಟನ್ನಿಗೂ ಕಡಿಮೆಯಾಯಿತು. ಇಷ್ಟು ದೊಡ್ಡ ಏರಿಳಿತವನ್ನು ಡೋಣಿಯ ಒಕ್ಕಲಿಗನೂ ಕಂಡಿರಲಾರ.

ಎರಡೂ ಕಡೆಯ ಜನರು ಈ ಅನಿಶ್ಚಯದ ಮುಂದೆ ತಲೆಬಾಗಿ ಪೂಜೆ ಸಲ್ಲಿಸಿದ್ದಾರೆ. ನೂಲಹುಣ್ಣಿಮೆಯಂದು ಮೀನುಗಾರ ಕಡಲಿಗೆ ತೆಂಗಿನಕಾಯಿ ಒಪ್ಪಿಸುತ್ತಾನೆ. ಎಳ್ಳಮಾಸಿಯಂದು ಇಲ್ಲಿಯ ರೈತ ಕುಟುಂಬಸಮೇತ ಬಂಡಿ ಕಟ್ಟಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾನೆ. ಆದರೆ ಅವರು ಪೂಜೆಯೊಂದನ್ನೇ ನಂಬಿ ಕೂತವರಲ್ಲ. ಒಳ್ಳೆಯ ವರ್ಷದ ಫಲವನ್ನು ಕೆಟ್ಟ ವರ್ಷಕ್ಕೆ ದಾಟಿಸುವ, ಒಬ್ಬನ ನಷ್ಟವನ್ನು ಹಲವರ ಮೇಲೆ ಹರಡುವ ವ್ಯವಸ್ಥೆಗಳನ್ನೂ ಕಟ್ಟಿಕೊಂಡಿದ್ದರು. ನಾವು ಗಮನಿಸಬೇಕಾದದ್ದು ಇದನ್ನು.

ಕರಾವಳಿಯಲ್ಲಿ ಅಂಥ ವ್ಯವಸ್ಥೆ ರಂಪಣಿ. ದಡದಿಂದ ಎಳೆಯುವ ಬಲು ಉದ್ದನೆಯ ಬಲೆ ಅದು. ಅದನ್ನು ಒಬ್ಬನೇ ಹೊಂದುವುದು ಸಾಧ್ಯವಿರಲಿಲ್ಲ. ಹಲವು ಮನೆಯವರು ತಮ್ಮ ತಮ್ಮ ತುಂಡುಗಳನ್ನು ತಂದು ಜೋಡಿಸಿದರೆ ಬಲೆ ಪೂರ್ಣವಾಗುತ್ತಿತ್ತು. ಎಳೆಯಲು ಹತ್ತಾರು ಜನ ಬೇಕು. ಸಿಕ್ಕ ಮೀನು ಬಲೆಗಿಷ್ಟು, ದೋಣಿಗಿಷ್ಟು, ದುಡಿಮೆಗಿಷ್ಟು ಎಂದು ಪಾಲಾಗುತ್ತಿತ್ತು. ಮೀನು ಬಾರದ ದಿನದ ಬರಿಗೈಯೂ ಹಾಗೆಯೇ ಎಲ್ಲರಿಗೂ ಪಾಲಾಗುತ್ತಿತ್ತು.

ಬಯಲಿನಲ್ಲಿ ಅಂಥದೇ ಕೆಲಸ ಮಾಡಿದ್ದು ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಸುತ್ತಲೂ ದಂಟು, ಹುಲ್ಲುಗಳನ್ನು ಒತ್ತಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಮುಚ್ಚಿ ಮಣ್ಣು ಹಾಕಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುವಂಥದು. ಹಗೇವು ಎಂದರೆ ಮಣ್ಣಿನಡಿಯಲ್ಲಿ ಹೂತಿಟ್ಟ ಒಂದು ಒಳ್ಳೆಯ ವರ್ಷ. ಅದನ್ನು ಬೇಕಾದಾಗ ಅಗೆದು ತೆಗೆಯಬಹುದಾಗಿತ್ತು.

ಆದರೆ ಹಿಂದಿನದನ್ನೆಲ್ಲ ಹೊಗಳಿ ಕೂರುವುದು ಇತಿಹಾಸಕ್ಕೆ ನ್ಯಾಯವಲ್ಲ. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಕಾರನಿಗೆ ಅದು ಒಡೆಯನ ದಯೆಯ ಮಾತು. ಮೇಲಾಗಿ ಬರ ಎರಡು ಮೂರು ವರ್ಷ ಬೆನ್ನು ಬಿಡದಿದ್ದಾಗ ಎಂಥ ಹಗೇವೂ ಬರಿದಾಗುತ್ತಿತ್ತು. ೧೭೯೧–೯೨ರ ಬರಕ್ಕೆ ಜನ ಡೋಗಿ ಬರ ಎಂದರು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳು ಅದಕ್ಕೆ ಆ ಹೆಸರು ಕೊಟ್ಟವು. ೧೮೭೬–೭೮ರ ಬರದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶ ಮುಂಬಯಿ ಪ್ರಾಂತದಲ್ಲೇ ಅತ್ಯಂತ ನೊಂದ ಸೀಮೆಗಳಲ್ಲಿ ಒಂದಾಯಿತು. ೧೮೭೨ರ ಜನಗಣತಿಗೆ ಹೋಲಿಸಿದರೆ ೧೮೮೧ರಲ್ಲಿ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ!

ಆ ಬರದ ಪಾಠವಾಗಿ ೧೮೮೪ರ ಸುಮಾರಿಗೆ ಹೊಟಗಿಯಿಂದ ವಿಜಯಪುರದ ಮೂಲಕ ಗದಗಿಗೆ ರೈಲು ಬಂತು. ಬರದ ಕಾಲದಲ್ಲಿ ಕಾಳು ತರಲು ಬಂದ ರೈಲು, ಸುಗ್ಗಿಯ ಕಾಲದಲ್ಲಿ ಕಾಳು ಒಯ್ಯಲೂ ಒದಗಿತು. ಜೋಳ, ಹತ್ತಿಗಳ ಬೆಲೆ ದೂರದ ಪೇಟೆಯಲ್ಲಿ ನಿಶ್ಚಯವಾಗತೊಡಗಿದ ಮೇಲೆ, ಕಾಳನ್ನು ಹೂತಿಡುವುದಕ್ಕಿಂತ ಮಾರಿ ಹಣ ಮಾಡುವುದೇ ಜಾಣತನವೆನಿಸಿತು. ಹಣಕ್ಕೆ ಹುಳು ಹಿಡಿಯದು, ನಿಜ. ಆದರೆ ಅದು ಹಗೇವಿನ ಜೋಳದಂತೆ ಮನೆಯಲ್ಲಿ ನಿಲ್ಲುವುದೂ ಇಲ್ಲ.

ಕಡಲಿನಲ್ಲಿ ಇಂಥ ತಿರುವು ಬಂದದ್ದು ನೂರು ವರ್ಷ ತಡವಾಗಿ. ೧೯೭೦ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳಿಗೆ ಪರ್ಸೀನ್ ಬಲೆಗಳು ಬಂದವು. ದಡಕ್ಕೆ ಬರುವ ಮೊದಲೇ ಮೀನಿನ ಗುಂಪನ್ನು ನೀರಿನಲ್ಲಿಯೇ ಸುತ್ತುವರಿಯುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿಗಳು ದಡದಲ್ಲಿ ಒಣಗಿದವು. ಹೊಸಬರಿಗೂ ಹಳಬರಿಗೂ ಕಲಹಗಳಾದವು. ೧೯೮೬ರಲ್ಲಿ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣದ ಕಾಯಿದೆ ಬಂತು. ಯಂತ್ರ ಬಂದು ಹಿಡುವಳಿ ಹೆಚ್ಚಿತು. ಜೊತೆಗೇ ದೋಣಿಯ ಸಾಲವೂ ಡೀಸೆಲ್ಲಿನ ಲೆಕ್ಕವೂ ಹೆಚ್ಚಿದವು. ಮೀನು ಬಾರದ ವರ್ಷ ಬರಿಗೈ ಹಂಚಿಕೊಳ್ಳುವ ಜನ ಈಗ ಇರಲಿಲ್ಲ. ಬಡ್ಡಿ ಕೇಳುವವರು ಇದ್ದರು.

ಡೋಣಿಯ ಸೀಮೆಯ ಯಂತ್ರದೋಣಿ ಯಾವುದು? ದ್ರಾಕ್ಷಿ ಎನ್ನಬಹುದು. ತಿಕೋಟಾ, ಬಬಲೇಶ್ವರಗಳ ಸುತ್ತಿನ ಗರಸು ನೆಲದಲ್ಲಿ ಇಂದು ಎಲ್ಲಿ ನೋಡಿದರಲ್ಲಿ ದ್ರಾಕ್ಷಿಯ ಪಡಗಳು. ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ. ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲು. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಜಾಲರಿಯ ಅಟ್ಟಗಳ ಮೇಲೆ ಎರಡು ಮೂರು ವಾರ ಒಣಗಿಸಿದರೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಈ ಬೆಳೆ ಮಳೆಯನ್ನು ನಂಬುವುದಿಲ್ಲವೆಂದು ಮೊದಲು ತೋರಿತು. ನಿಜದಲ್ಲಿ ಅದು ಮಳೆಗೆ ಇಮ್ಮಡಿ ಅಧೀನ. ಚಾಟ್ನಿಯ ನಂತರ ಅಕಾಲದ ಮಳೆ ಬಂದರೆ ಡೌನಿ ರೋಗ. ಒಣಗುವಾಗ ಬಂದರೆ ಮಾಲು ಕಪ್ಪು. ಬಾರದೇ ಹೋದರೆ ಕೊಳವೆಬಾವಿ ಬತ್ತುತ್ತದೆ. ೨೦೧೬ರ, ೨೦೧೯ರ ಬೇಸಿಗೆಗಳಲ್ಲಿ ಟ್ಯಾಂಕರಿನಲ್ಲಿ ನೀರು ಕೊಂಡು ಬಳ್ಳಿಗೆ ಹನಿಸಿದವರನ್ನು ಈ ಸೀಮೆ ಕಂಡಿದೆ. ಜೋಳ ಒಣಗಿದರೆ ಒಂದು ವರ್ಷ ಹೋಗುತ್ತದೆ. ಬಳ್ಳಿ ಒಣಗಿದರೆ ಹತ್ತು ಹದಿನೈದು ವರ್ಷದ ಬಾಳು ಹೋಗುತ್ತದೆ; ಸಾಲ ಮಾತ್ರ ಹಸಿರಾಗಿ ನಿಲ್ಲುತ್ತದೆ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಹಗೇವಿನ ಕಾಲದಲ್ಲಿ ಒಳ್ಳೆಯ ವರ್ಷ ಎಲ್ಲರಿಗೂ ಒಳ್ಳೆಯದೇ. ಪೇಟೆಯ ಕಾಲದಲ್ಲಿ ಹಾಗಲ್ಲ. ಎಲ್ಲರ ಬಲೆಗೂ ಬಂಗುಡೆ ಬಿದ್ದ ದಿನ ಬಂದರಿನಲ್ಲಿ ಬೆಲೆ ಬೀಳುತ್ತದೆ. ಎಲ್ಲರ ಪಡವೂ ತುಂಬಿದ ವರ್ಷ ತಾಸಗಾಂವ, ಸಾಂಗಲಿ, ವಿಜಯಪುರಗಳ ಪೇಟೆಯಲ್ಲಿ ಒಣದ್ರಾಕ್ಷಿಯನ್ನು ಕೇಳುವವರು ಕಡಿಮೆ. ಕಾಯಬಲ್ಲವನು ಮಾಲನ್ನು ಶೀತಲಗೃಹದಲ್ಲಿಟ್ಟು ಕಾಯುತ್ತಾನೆ. ಶೀತಲಗೃಹವೆಂದರೆ ನಮ್ಮ ಕಾಲದ ಹಗೇವು. ಆದರೆ ಅದಕ್ಕೆ ಬಾಡಿಗೆ ಉಂಟು. ಸಾಲದ ಕಂತು ಕುತ್ತಿಗೆಗೆ ಬಂದವನು ಸಿಕ್ಕ ಬೆಲೆಗೆ ಮಾರಿ ಮನೆಗೆ ಹೋಗುತ್ತಾನೆ. ಹಿಂದೆ ಕೂಲಿಕಾರನಿಗೆ ಹಗೇವು ಇಲ್ಲದಿದ್ದಂತೆ, ಇಂದು ಸಣ್ಣ ಬೆಳೆಗಾರನಿಗೆ ಕಾಯುವ ಶಕ್ತಿಯಿಲ್ಲ.

೧೯೬೪ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯಿಂದಲೂ, ಈಚಿನ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದಲೂ ಕೃಷ್ಣೆ ಈ ಒಣಭೂಮಿಯತ್ತ ಏರಿ ಬಂದಿದ್ದಾಳೆ. ತಲೆಬುರುಡೆಯ ಹೆಸರಿನ ಬರ ಮತ್ತೆ ಬಾರದಿರಲಿ ಎಂದು ಹಾರೈಸುವವರಿಗೆ ಇದಕ್ಕಿಂತ ಸಂತಸವೇನಿದೆ? ಆದರೆ ಕರಾವಳಿಯ ಕಥೆ ನಮಗೆ ಹೇಳುವ ಎಚ್ಚರಿಕೆಯೊಂದಿದೆ. ಅಲ್ಲಿ ನೀರಿಗೆ ಎಂದೂ ಕೊರತೆಯಿರಲಿಲ್ಲ; ಆದರೂ ಕೆಟ್ಟ ವರ್ಷಗಳು ತಪ್ಪಲಿಲ್ಲ. ಮಳೆಯನ್ನೂ ಮೀನನ್ನೂ ಮನುಷ್ಯ ಕರೆದು ತರಲಾರ. ಬಂದ ವರ್ಷದ ಫಲವನ್ನು ಬಾರದ ವರ್ಷಕ್ಕೆ ದಾಟಿಸುವುದು, ಒಬ್ಬನ ಬರಿಗೈಯನ್ನು ಹಲವರು ಹಂಚಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ರಂಪಣಿಯೂ ಹಗೇವೂ ಮರಳಿ ಬರಬೇಕಾಗಿಲ್ಲ. ಅವು ಮಾಡುತ್ತಿದ್ದ ಕೆಲಸವನ್ನು ಇಂದು ಮಾಡುವವರು ಯಾರು ಎಂಬ ಪ್ರಶ್ನೆಗೆ ಡೋಣಿಯ ದಡದಲ್ಲಿಯೂ ಕಡಲ ದಡದಲ್ಲಿಯೂ ಉತ್ತರ ದೊರೆಯಬೇಕಾಗಿದೆ.