ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನವನ್ನು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಪತ್ತೆ ಹಚ್ಚಿದಾಗ ವಿದ್ವಾಂಸರ ಕಣ್ಣೆಲ್ಲ ಅದರಲ್ಲಿದ್ದ ‘ಅಶೋಕ’ ಎಂಬ ಹೆಸರಿನ ಮೇಲೆ ನೆಟ್ಟಿತು. ಅದೇ ಶಾಸನದಲ್ಲಿ ಇನ್ನೊಂದು ಸೋಜಿಗದ ಮಾತಿದೆ. ಜಂಬೂದ್ವೀಪದಲ್ಲಿ ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ, ಇದು ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ನಿರತನಾದ ಸಣ್ಣವನಿಗೂ ದಕ್ಕುತ್ತದೆ ಎಂದು ಅದರ ಸಾರಾಂಶ. ಇದರ ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಆದರೆ ದೇವರು ಮನುಷ್ಯರ ನಡುವೆ ಬರುತ್ತಾನೆಂಬ ನಂಬಿಕೆ ಈ ಸೀಮೆಗೆ ಎಂದೂ ಹೊಸದಲ್ಲ. ಮೈಮೇಲೆ ಬರುವ ದೇವರು, ಕನಸಿನಲ್ಲಿ ಬಂದು ಗುಡಿ ಕಟ್ಟಿಸೆನ್ನುವ ದೇವರು ಸಿಂಧನೂರು, ಲಿಂಗಸುಗೂರಿನ ಹಳ್ಳಿಗರಿಗೆ ಚಿರಪರಿಚಿತ.

ಮಸ್ಕಿಗೆ ದೂರವಲ್ಲದ ಮುದಗಲ್ಲು ಕೋಟೆಗೂ ಮೊಹರಂಗೂ ಹೆಸರಾದ ಊರು. ಗೋವೆಯ ಜೆಸ್ವಿಟ್ ಪಾದ್ರಿಗಳು 16ನೇ ಶತಮಾನದಲ್ಲಿ ಕಟ್ಟಿದರೆನ್ನುವ ಚರ್ಚೂ ಅಲ್ಲಿದೆ. ಆ ಊರಿನ ಕಥೋಲಿಕರದು ಕನ್ನಡ ನಾಡಿನ ಹಳೆಯ ಕ್ರೈಸ್ತ ನೆಲೆಗಳಲ್ಲೊಂದು. ನಾಳೆ ಅಲ್ಲಿಯ ಹುಡುಗಿಯೊಬ್ಬಳು ‘ಮರಿಯಮ್ಮನವರು ನನಗೆ ಕಾಣಿಸಿಕೊಂಡರು’ ಎಂದರೆ ಏನಾಗಬೇಕು? ಜನ ಸೇರುವುದಕ್ಕೆ ಒಂದು ಹಗಲು ಸಾಕು. ಆದರೆ ಚರ್ಚಿನ ನಿಯಮದಂತೆ ತೀರ್ಮಾನ ಆ ಹುಡುಗಿಯದೂ ಅಲ್ಲ, ಜನರದೂ ಅಲ್ಲ, ಊರಿನ ಫಾದರದೂ ಅಲ್ಲ. ಸುದ್ದಿ ಬಳ್ಳಾರಿಯ ಬಿಷಪ್ಪರಿಗೆ ಹೋಗಬೇಕು, ಅವರು ವಿಚಾರಣೆ ನಡೆಸಬೇಕು.

ಈ ಎಚ್ಚರಿಕೆ ಬೈಬಲಿನಷ್ಟೇ ಹಳೆಯದು. ಪ್ರವಾದನೆಯನ್ನು ಹೀಗಳೆಯಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಥೆಸಲೋನಿಕದವರಿಗೆ ಪೌಲ ಬರೆದ. ಪ್ರತಿಯೊಂದು ಆತ್ಮವನ್ನೂ ನಂಬಬಾರದೆಂದು ಯೋಹಾನನ ಪತ್ರ ಹೇಳುತ್ತದೆ. ಹೊಸ ಪವಾಡಗಳನ್ನು ಬಿಷಪ್ಪರ ಒಪ್ಪಿಗೆಯಿಲ್ಲದೆ ಅಂಗೀಕರಿಸಬಾರದೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಚರ್ಚು ಒಪ್ಪಿದ ದರ್ಶನವನ್ನು ಕೂಡ ಕಥೋಲಿಕನೊಬ್ಬ ನಂಬಲೇಬೇಕೆಂದಿಲ್ಲ. ನಂಬಿದರೆ ತಪ್ಪಿಲ್ಲ ಎಂಬುದಷ್ಟೇ ಆ ಒಪ್ಪಿಗೆಯ ಅರ್ಥ. ಹರಕೆ ಹೊತ್ತು ಯಾತ್ರೆ ಹೋಗುವವರಲ್ಲಿ ಅನೇಕರಿಗೆ ಈ ಸಂಗತಿಯೇ ಗೊತ್ತಿರುವುದಿಲ್ಲ.

ಲೂರ್ದಿನ ಕಥೆ ಪ್ರಸಿದ್ಧ. ಫ್ರಾನ್ಸಿನ ಆ ಊರಿನಲ್ಲಿ 1858ರ ಫೆಬ್ರವರಿಯಿಂದ ಜುಲೈವರೆಗೆ 18 ಸಲ ದರ್ಶನವಾಯಿತೆಂದು ಹೇಳಿದವಳು ಬರ್ನದೆತ್, ದಿವಾಳಿಯೆದ್ದ ಗಿರಣಿಯವನ 14 ವರ್ಷದ ಮಗಳು. ಪೊಲೀಸ್ ಅಧಿಕಾರಿ ಗದರಿಸಿದ, ಪಾದ್ರಿಯೂ ಮೊದಲು ನಂಬಲಿಲ್ಲ. ಅವಳು ಹೇಳಿದ್ದನ್ನೇ ಹೇಳಿದಳು, ಕೊಟ್ಟ ಕಾಸು ಮುಟ್ಟಲಿಲ್ಲ. ಬಿಷಪ್ ಲೊರಾನ್ಸ್ ಸಮಿತಿ ನೇಮಿಸಿ, ಸುಮಾರು ನಾಲ್ಕು ವರ್ಷ ಕಾದು, 1862ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟರು. ಅಲ್ಲಿ ಗುಣವಾದೆವೆಂದು ವೈದ್ಯರ ಮುಂದೆ ನಿಂತವರು ಏಳು ಸಾವಿರಕ್ಕೂ ಹೆಚ್ಚು. ಪವಾಡವೆಂದು ಚರ್ಚು ಘೋಷಿಸಿದ್ದು ಎಪ್ಪತ್ತರ ಆಸುಪಾಸು ಮಾತ್ರ. ನಮ್ಮ ನೆರೆಯ ಕೇರಳದ ಮರಿಯಂ ತ್ರೇಸ್ಯಾ ಪಟ್ಟ ಪಾಡು ಇನ್ನೂ ಕಠಿಣ. ದರ್ಶನಗಳ ಮಾತಾಡಿದ ಆಕೆಗೆ ಬಿಷಪ್ಪರ ಅಪ್ಪಣೆಯಂತೆ 1902ರಿಂದ ಮೂರು ವರ್ಷ ಭೂತ ಬಿಡಿಸುವ ವಿಧಿಯನ್ನು ಮತ್ತೆ ಮತ್ತೆ ನಡೆಸಿದರು. ಅದೇ ಹೆಂಗಸು 2019ರಲ್ಲಿ ಸಂತಳಾದಳು. ಪರೀಕ್ಷೆ ಎಂಬುದು ಪರೀಕ್ಷೆಗೊಳಗಾದವರಿಗೆ ಸುಖದ ವಿಷಯವಲ್ಲ.

ಪರೀಕ್ಷಿಸುವುದು ಏನನ್ನು? 1978ರಲ್ಲಿ ರೋಮ್ ಗುಟ್ಟಾಗಿ ಬಿಷಪ್ಪರಿಗೆ ಕಳಿಸಿದ ಸೂತ್ರಗಳನ್ನು 2024ರ ಮೇ ತಿಂಗಳ ಹೊಸ ನಿಯಮಗಳು ಬದಲಿಸಿವೆ. ವಿಚಾರಣಾ ಸಮಿತಿಯಲ್ಲಿ ದೇವಶಾಸ್ತ್ರ ಬಲ್ಲವರೊಬ್ಬರು, ಚರ್ಚಿನ ಕಾನೂನು ಬಲ್ಲವರೊಬ್ಬರು, ಘಟನೆಯ ಸ್ವರೂಪಕ್ಕೆ ತಕ್ಕ ತಜ್ಞರೊಬ್ಬರು ಇರಬೇಕು. ಕಂಡವರ ಮನಸ್ಸು ಸ್ವಸ್ಥವೇ, ಹೇಳಿದ್ದು ಕ್ರಿಸ್ತನ ಬೋಧನೆಗೆ ವಿರುದ್ಧವೇ, ಸುತ್ತಲೂ ಹುಂಡಿ ಎದ್ದಿದೆಯೇ, ಗುಂಪು ಕಟ್ಟಿಕೊಂಡು ಇತರರಿಂದ ಬೇರೆಯಾಗುತ್ತಿದ್ದಾರೆಯೇ ಎಂದು ನೋಡಬೇಕು. ದರ್ಶನದ ಹೆಸರಿನಲ್ಲಿ ಜನರನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು ವಿಶೇಷ ಗಂಭೀರ ಅಪರಾಧವೆಂದು ನಿಯಮ ಹೇಳುತ್ತದೆ. ಕೊನೆಗೆ ಆರು ಬಗೆಯ ತೀರ್ಪುಗಳಲ್ಲಿ ಒಂದನ್ನು ಬಿಷಪ್ಪರು ರೋಮಿನ ಸಮ್ಮತಿ ಪಡೆದು ಕೊಡುತ್ತಾರೆ. ‘ಇದು ದೈವಿಕವೇ’ ಎಂದು ಸಾರುವುದನ್ನು ಸಾಮಾನ್ಯವಾಗಿ ಕೈಬಿಡಲಾಗಿದೆ. ಅತ್ಯುತ್ತಮ ತೀರ್ಪೆಂದರೆ ‘ಅಡ್ಡಿಯಿಲ್ಲ’ ಎಂಬುದು! ಭಕ್ತರಿಗೆ ಇದು ಸಪ್ಪೆ ಎನಿಸೀತು. ಆದರೆ 1950ರಿಂದೀಚೆಗೆ ವಿಧಿಪೂರ್ವಕ ಇತ್ಯರ್ಥವಾದ ಪ್ರಕರಣಗಳು ಆರಕ್ಕಿಂತ ಹೆಚ್ಚಿಲ್ಲವೆಂದು ರೋಮೇ ಒಪ್ಪಿಕೊಂಡಿರುವಾಗ, ತೀರ್ಪೇ ಬಾರದಿರುವುದಕ್ಕಿಂತ ಇದು ಮೇಲು.

ಸುಧಾರಣಾ ಪಂಥದ ಚರ್ಚುಗಳಲ್ಲಿ ಇಂಥ ಕಚೇರಿಯಿಲ್ಲ, ಬೈಬಲ್ಲೇ ಒರೆಗಲ್ಲು. ಗುಣಪಡಿಸುವ ಸಭೆಗಳಲ್ಲಿ ‘ದೇವರು ನನಗೆ ತೋರಿಸಿದ’ ಎನ್ನುವ ಬೋಧಕನನ್ನು ಪ್ರಶ್ನಿಸುವವರು ಯಾರು ಎಂಬುದು ಅಲ್ಲಿ ಬಿಡಿಸಲಾಗದ ತೊಡಕು.

ಪರೀಕ್ಷೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮುಂಬೈ ಸಾಕ್ಷಿ. ವಿಲೆ ಪಾರ್ಲೆಯ ಚರ್ಚೊಂದರ ಶಿಲುಬೆಯ ಪ್ರತಿಮೆಯ ಪಾದದಿಂದ 2012ರಲ್ಲಿ ನೀರು ತೊಟ್ಟಿಕ್ಕಿತು. ಜನ ಅದನ್ನು ತೀರ್ಥವೆಂದು ಹಿಡಿದುಕೊಂಡರು. ವಿಚಾರವಾದಿ ಸನಲ್ ಎಡಮರುಕು ಬಂದು ನೋಡಿ, ಕಟ್ಟಿಕೊಂಡ ಚರಂಡಿಯ ನೀರು ಗೋಡೆ ಹೀರಿ ಮೇಲೇರಿದೆ ಎಂದರು. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ಕೆಲವರು ಪೊಲೀಸರಿಗೆ ದೂರು ಕೊಟ್ಟರು. ಅದೇ ವರ್ಷ ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಪೌಲನ ಮಾತನ್ನು ಅಕ್ಷರಶಃ ಪಾಲಿಸಿದವರು ಆ ದಿನ ನಾಸ್ತಿಕರೊಬ್ಬರು. ಚರಂಡಿ ಕಟ್ಟಿದ್ದನ್ನು ಮೊದಲೇ ನೋಡಬೇಕಾಗಿದ್ದವರು ಬೇರೆಯವರು.